ಎಳೆ ಹಿಡಿದ ಬೆರಳು, ತಾಳ ಹಿಡಿದ ಕಾಲು

ಇಳಕಲ್ಲಿನ ಹಳೆಯ ಓಣಿಗಳಲ್ಲಿ ಮಗ್ಗ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಲಾಳಿ ಓಡಿದ ಸದ್ದು, ಅದರ ಬೆನ್ನಿಗೇ ಫಣಿ ಬಡಿದ ಸದ್ದು, ನಡುವೆ ಕಾಲಡಿಯ ಹಲಗೆ ಬದಲಾಗುವಾಗಿನ ಸಣ್ಣ ಕಿರುಗುಟ್ಟುವಿಕೆ. ಮನೆಯ ಪಡಸಾಲೆಯಲ್ಲೇ ತೋಡಿದ ಕುಣಿ, ಅದರ ದಂಡೆಯ ಮೇಲೆ ಕೂತ ನೇಕಾರ, ಕುಣಿಯೊಳಗೆ ಇಳಿಬಿಟ್ಟ ಕಾಲು. ಒಂದು ಕಾಲು ಹಲಗೆ ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುತ್ತವೆ, ಉಳಿದರ್ಧ ಕೆಳಗಿಳಿಯುತ್ತವೆ. ನಡುವೆ ತೆರೆದ ಕಿಂಡಿಯಲ್ಲಿ ಲಾಳಿ ಹಾಯಬೇಕು. ಒಂದು ಕೈ ಹಗ್ಗ ಜಗ್ಗಿ ಲಾಳಿಯನ್ನು ಅಟ್ಟುತ್ತದೆ, ಇನ್ನೊಂದು ಕೈ ಫಣಿಯನ್ನು ಎದೆಯ ಕಡೆಗೆ ಎಳೆದು ಹೊಕ್ಕಿನ ಎಳೆಯನ್ನು ಬಡಿದು ಕೂರಿಸುತ್ತದೆ. ಆಮೇಲೆ ಕಾಲು ಬದಲು. ನೋಡುವವರ ಕಣ್ಣಿಗೆ ಇದೆಲ್ಲ ಒಂದೇ ಚಲನೆ. ಆರು ಗಜದ ಸೀರೆ ಮುಗಿಯುವಷ್ಟರಲ್ಲಿ ಇದೇ ಕೆಲಸ ಸಾವಿರಾರು ಸಲ ನಡೆದಿರುತ್ತದೆ.

"ಕೈಗೆ ರೂಢಿ ಆಗೇತಿ, ತಾನ ನಡೀತೈತಿ" ಎಂಬ ಮಾತು ನೋಡಿದವರ ಬಾಯಲ್ಲಿ ಬರುತ್ತದೆ, ನೇಯುವವರೂ ಎಷ್ಟೋ ಸಲ ಹಾಗೇ ಹೇಳುತ್ತಾರೆ. ತಲೆಗೆ ಇದರಲ್ಲಿ ಕೆಲಸವಿಲ್ಲ, ಒಮ್ಮೆ ಕಲಿತರೆ ಮೈ ಅದನ್ನೇ ಒಪ್ಪಿಸುತ್ತ ಹೋಗುತ್ತದೆ ಎಂಬ ಭಾವನೆ ಅದರ ಹಿಂದಿದೆ. ಚಲನೆಯ ಮನೋವಿಜ್ಞಾನ ನೂರು ವರ್ಷಗಳಿಂದ ಕಂಡುಕೊಂಡಿರುವುದು ಇದಕ್ಕೆ ತೀರ ಬೇರೆಯಾದ ಸಂಗತಿಯನ್ನು. ನುರಿತ ಕೈ ತನ್ನನ್ನು ತಾನು ನಕಲು ಮಾಡುವುದಿಲ್ಲ. ಪ್ರತಿ ಸಲವೂ ಅದು ಎಳೆಯನ್ನು, ಬಿಗಿಯನ್ನು, ಸದ್ದನ್ನು ಓದಿಕೊಂಡು ಹೊಸದಾಗಿ ನಡೆಯುತ್ತದೆ. ಈ ಮಾತು ಅರ್ಥವಾಗಲು ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಇಲ್ಲಿ ಮಗ್ಗವಿದೆ, ಬಂಡೆಯಿದೆ, ಹಲಗಿ ಎಂಬ ಚರ್ಮವಾದ್ಯವಿದೆ, ಮತ್ತು ಚಲನೆಯನ್ನು ಕಲ್ಲಿನಲ್ಲಿ ಹಿಡಿದ ಚಾಲುಕ್ಯರ ಶಿಲ್ಪವಿದೆ.

ಕಥೆ ಶುರುವಾಗುವುದು ಮಾತ್ರ ಮಾಸ್ಕೋದಲ್ಲಿ. 1920ರ ದಶಕದಲ್ಲಿ ಅಲ್ಲಿನ ಕೇಂದ್ರ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ (1896–1966) ಎಂಬ ಯುವ ವಿಜ್ಞಾನಿ ಕೆಲಸಕ್ಕಿದ್ದ. ಕೆಲಸಗಾರರ ಚಲನೆಯನ್ನು ಅಳೆದು, ಅದರಲ್ಲಿ ಅತ್ಯುತ್ತಮವಾದ ಒಂದನ್ನು ಹುಡುಕಿ ಎಲ್ಲರಿಗೂ ಕಲಿಸಬೇಕೆಂಬುದು ಸಂಸ್ಥೆಯ ಆಸೆ. ಬರ್ನ್‌ಸ್ಟೈನ್ ಉಳಿಯ ಮೇಲೆ ಸುತ್ತಿಗೆ ಬಡಿಯುವ ನುರಿತ ಕೆಲಸಗಾರರ ಕೈಗಳ ಕೀಲುಗಳಿಗೆ ಮತ್ತು ಸುತ್ತಿಗೆಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ಬೆಳಕಿನ ಜಾಡನ್ನು ಫೋಟೊ ತೆಗೆದ. ಸುತ್ತಿಗೆಯ ತುದಿ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬಂದು ಬೀಳುತ್ತಿತ್ತು. ಆದರೆ ಅದನ್ನು ಅಲ್ಲಿಗೆ ತಂದ ಭುಜ, ಮೊಣಕೈ, ಮಣಿಕಟ್ಟುಗಳ ದಾರಿ ಪ್ರತಿ ಏಟಿಗೂ ಒಂದಿಷ್ಟು ಬೇರೆಯಾಗಿರುತ್ತಿತ್ತು. ಭುಜ ಸ್ವಲ್ಪ ಅತ್ತ ಸರಿದರೆ ಮಣಿಕಟ್ಟು ಇತ್ತ ಸರಿದು ಲೆಕ್ಕ ಸರಿಮಾಡುತ್ತಿತ್ತು. ಗುರಿ ಒಂದೇ, ದಾರಿ ದಿನವೂ ಹೊಸದು. ಮರುಕಳಿಕೆಯೇ ಇಲ್ಲದ ಮರುಕಳಿಕೆ ಎಂಬ ಅರ್ಥದಲ್ಲಿ ಅವನು ಇದನ್ನು ವರ್ಣಿಸಿದ. ಒಂದೇ ಸರಿಯಾದ ಚಲನೆಯನ್ನು ಹುಡುಕಲು ಹೊರಟ ಸಂಸ್ಥೆಯಲ್ಲಿ ಸಿಕ್ಕ ಉತ್ತರ, ಅಂಥದೊಂದು ಚಲನೆ ಇಲ್ಲ ಎಂಬುದು.

ಇದರ ಜೊತೆಗೇ ಅವನು ಎತ್ತಿದ ಇನ್ನೊಂದು ಪ್ರಶ್ನೆ ಇಂದಿಗೂ ಈ ವಿಜ್ಞಾನದ ಬೆನ್ನೆಲುಬು. ಒಂದು ಕೈಯಲ್ಲೇ ಎಷ್ಟೊಂದು ಕೀಲು, ಎಷ್ಟೊಂದು ಸ್ನಾಯು. ಲಾಳಿಯ ಹಗ್ಗ ಜಗ್ಗಲು ಅವು ಕೂಡಿಬರಬಹುದಾದ ಬಗೆಗಳಿಗೆ ಲೆಕ್ಕವಿಲ್ಲ. ಮಿದುಳು ಅಷ್ಟರಲ್ಲಿ ಒಂದನ್ನು ಆರಿಸಿಕೊಳ್ಳುವುದು ಹೇಗೆ? ಹೊಸಬರು ಏನು ಮಾಡುತ್ತಾರೆ ಎಂಬುದನ್ನು ಬರ್ನ್‌ಸ್ಟೈನ್ ಗಮನಿಸಿದ್ದ. ಅವರು ಮೈಯನ್ನು ಬಿಗಿಹಿಡಿಯುತ್ತಾರೆ. ಕೀಲುಗಳನ್ನು ಸೆಟೆಸಿ, ಅಲುಗಾಡುವ ಭಾಗಗಳನ್ನು ಕಡಿಮೆ ಮಾಡಿಕೊಂಡು, ನಿಭಾಯಿಸಬೇಕಾದ ಲೆಕ್ಕವನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಮಗ್ಗಕ್ಕೆ ಹೊಸದಾಗಿ ಕೂತವರನ್ನು ನೋಡಿದರೆ ಇದು ತಟ್ಟನೆ ಗೊತ್ತಾಗುತ್ತದೆ. ಭುಜ ಕಿವಿಯ ತನಕ ಏರಿರುತ್ತದೆ, ಕುತ್ತಿಗೆ ಬಿಗಿದಿರುತ್ತದೆ, ಕಣ್ಣು ಕಾಲಿನ ಮೇಲಿರುತ್ತದೆ. ಫಣಿಯ ಏಟು ಒಮ್ಮೆ ಜೋರು, ಒಮ್ಮೆ ಮೆತ್ತಗೆ. ಬಟ್ಟೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು. ತಿಂಗಳುಗಳು ಕಳೆದ ಮೇಲೆ ಬಿಗಿ ಒಂದೊಂದಾಗಿ ಸಡಿಲುತ್ತದೆ. ಮೊದಲು ಕಣ್ಣು ಕಾಲನ್ನು ಬಿಡುತ್ತದೆ, ಆಮೇಲೆ ಭುಜ ಇಳಿಯುತ್ತದೆ, ಕೊನೆಗೆ ಸೊಂಟವೂ ತಾಳದಲ್ಲಿ ಸೇರಿಕೊಳ್ಳುತ್ತದೆ.

ಕೈ ಪಳಗಲು ಎಷ್ಟು ಕಾಲ ಬೇಕು? 1959ರಲ್ಲಿ ಎಡ್ವರ್ಡ್ ಕ್ರಾಸ್‌ಮನ್ ಎಂಬಾತ ಸಿಗಾರ್ ತಯಾರಿಸುವ ಕೆಲಸಗಾರರ ವೇಗವನ್ನು ಅವರ ಅನುಭವದ ಲೆಕ್ಕಕ್ಕೆ ಹೋಲಿಸಿ ನೋಡಿದ. ಲಕ್ಷಾಂತರ ಸಿಗಾರ್ ತಯಾರಿಸಿ ವರ್ಷಗಳು ಕಳೆದ ಮೇಲೂ ಅವರ ವೇಗ ಸುಧಾರಿಸುತ್ತಲೇ ಇತ್ತು. ಶುರುವಿನಲ್ಲಿ ದಾಪುಗಾಲು, ಆಮೇಲೆ ಸಣ್ಣ ಸಣ್ಣ ಹೆಜ್ಜೆ, ಆದರೆ ಬೇಗ ನಿಲ್ಲುವುದು ಮಾತ್ರ ಇಲ್ಲ. ಮೂರು ತಿಂಗಳ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚುವ ಯೋಜನೆಗಳನ್ನು ರೂಪಿಸುವವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನಮ್ಮ ನರಗಳು ನಿಧಾನ. ಕಣ್ಣು ಕಂಡದ್ದನ್ನು ಮಿದುಳು ಅರಿತು, ಅದಕ್ಕೆ ತಕ್ಕಂತೆ ಕೈಯನ್ನು ತಿದ್ದಲು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಐದನೇ ಒಂದು ಭಾಗ ಬೇಕು. ಮಗ್ಗದ ಮೇಲೆ ಅದು ದೊಡ್ಡ ವಿಳಂಬ. ಲಾಳಿ ತಪ್ಪಿತೆಂದು ಕಂಡು ತಿದ್ದಲು ಹೊರಟರೆ ಅಷ್ಟರಲ್ಲಿ ಅದು ಆಚೆ ದಡ ಸೇರಿರುತ್ತದೆ. ಹಾಗಾಗಿ ಮಿದುಳು ಕಾಯುವುದಿಲ್ಲ, ಮುಂದಾಗಿ ಊಹಿಸುತ್ತದೆ. ಸ್ನಾಯುವಿಗೆ ಅಪ್ಪಣೆ ಕಳಿಸುವಾಗಲೇ ಅದರ ಒಂದು ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡು, ಹೀಗೆ ಮಾಡಿದರೆ ಹೀಗೆ ಅನ್ನಿಸಬೇಕು ಎಂದು ಲೆಕ್ಕ ಹಾಕುತ್ತದೆ. ಬಂದ ಅನುಭವ ಊಹೆಗೆ ಹೊಂದಿದರೆ ಅದನ್ನು ಬದಿಗಿಡುತ್ತದೆ, ಹೊಂದದಿದ್ದರೆ ಎಚ್ಚರಗೊಳ್ಳುತ್ತದೆ.

ಇದನ್ನು ಈಗಲೇ ನೋಡಬಹುದು. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರಮೂಲೆಯಲ್ಲಿ ರೆಪ್ಪೆಯ ಮೇಲಿಂದ ಬೆರಳಿನಲ್ಲಿ ಮೆಲ್ಲಗೆ ಒತ್ತಿ. ಎದುರಿನ ಗೋಡೆ ಅಲುಗುತ್ತದೆ. ಅದೇ ಕಣ್ಣನ್ನು ನೀವಾಗಿ ಎಡಕ್ಕೆ ಬಲಕ್ಕೆ ಹೊರಳಿಸಿದರೆ ಗೋಡೆ ನಿಂತಲ್ಲೇ ಇರುತ್ತದೆ. ಎರಡೂ ಸಲ ಕಣ್ಣಿನೊಳಗಿನ ಚಿತ್ರ ಸರಿದದ್ದು ನಿಜ. ಎರಡನೆಯದನ್ನು ಮಿದುಳು ಮೊದಲೇ ಬಲ್ಲದು, ಏಕೆಂದರೆ ಅಪ್ಪಣೆ ಅದರದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಈ ಪ್ರಯೋಗದ ಬಗ್ಗೆ ಬರೆದಿದ್ದಾನೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗದ್ದೂ ಇದೇ ಕಾರಣಕ್ಕೆ. 1998ರಲ್ಲಿ ಲಂಡನ್ನಿನ ಸಂಶೋಧಕಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ಮಿದುಳಿನ ಚಿತ್ರಣದ ಮೂಲಕ ಇದನ್ನು ತೋರಿಸಿದರು. ಸ್ವಂತ ಕೈಯ ಸ್ಪರ್ಶಕ್ಕೆ ಮಿದುಳಿನ ಸ್ಪರ್ಶ ಕೇಂದ್ರ ಕಡಿಮೆ ಸ್ಪಂದಿಸುತ್ತದೆ, ಬೇರೆಯವರ ಸ್ಪರ್ಶಕ್ಕೆ ಹೆಚ್ಚು.

ಮಗ್ಗದ ಮೇಲೆ ಇದರ ಅರ್ಥ ದೊಡ್ಡದು. ನೇಕಾರ ಪಕ್ಕದವರೊಡನೆ ಮಾತಾಡುತ್ತ, ರೇಡಿಯೊ ಕೇಳುತ್ತ ನೇಯುತ್ತಾನೆ. ಹೊಂದಿಕೆಯಾದ ಸಾವಿರ ಏಟುಗಳು ಅವನ ಗಮನಕ್ಕೆ ಬರುವುದೇ ಇಲ್ಲ. ಹಾಸಿನಲ್ಲಿ ಒಂದು ಎಳೆ ಹರಿದಾಗ, ಲಾಳಿಯಲ್ಲಿ ನೂಲು ತೀರಿದಾಗ, ಫಣಿಯ ಸದ್ದು ಒಂದಿಷ್ಟು ಮಂದವಾದಾಗ ಕೈ ತಟ್ಟನೆ ನಿಲ್ಲುತ್ತದೆ. ಮಾತು ಅರ್ಧಕ್ಕೇ ನಿಂತು, ಕಣ್ಣು ಹುಡುಕುತ್ತ ಹೋಗಿ ಆ ಎಳೆಯ ಮೇಲೆ ಕೂರುತ್ತದೆ. ಪಕ್ಕದಲ್ಲಿ ಕೂತ ನಮಗೆ ಏನೂ ಕೇಳಿರುವುದಿಲ್ಲ. ಅವನ ಕಿವಿ ನಮ್ಮದಕ್ಕಿಂತ ಚುರುಕಾಗಿದೆ ಎಂದಲ್ಲ, ಏನು ಕೇಳಬೇಕಿತ್ತು ಎಂಬುದು ಅವನಿಗೆ ಗೊತ್ತಿತ್ತು. ಮೈಮರೆತು ನೇಯುತ್ತಾನೆ ಎಂದು ನಾವು ಹೇಳುವ ಸ್ಥಿತಿಯೊಳಗೆ ಇಷ್ಟು ಎಚ್ಚರ ಅಡಗಿದೆ.

ಆ ಎಚ್ಚರವನ್ನು ತಪ್ಪು ಜಾಗಕ್ಕೆ ಒಯ್ದರೆ ಕೆಲಸ ಕೆಡುತ್ತದೆ. ಅಮೆರಿಕದ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 2002ರಲ್ಲಿ ಫುಟ್‌ಬಾಲ್ ಆಟಗಾರರಿಗೆ ಚೆಂಡನ್ನು ಕಾಲಲ್ಲಿ ತಳ್ಳುತ್ತ ಶಂಕುಗಳ ನಡುವೆ ಓಡಲು ಹೇಳಿ, ಚೆಂಡಿಗೆ ಪಾದದ ಯಾವ ಬದಿ ತಾಗಿತೆಂದು ನಡುನಡುವೆ ಕೇಳಿದರು. ಬಲಗಾಲಿನಲ್ಲಿ ಆಡುವಾಗ ನುರಿತವರ ವೇಗ ಕುಗ್ಗಿತು. ಹೊಸಬರಿಗೆ ಅದೇ ಗಮನ ನೆರವಾಯಿತು. ನೇಯುವವರನ್ನು ನಡುವೆ ತಡೆದು ಈಗ ಯಾವ ಕಾಲು ತುಳಿದಿರಿ ಎಂದು ಕೇಳಿದರೆ ಅವರು ಒಂದು ಕ್ಷಣ ತಡವರಿಸುವುದು ಇದಕ್ಕೇ. ಬಲ್ಲದ್ದನ್ನು ಬಾಯಲ್ಲಿ ಹೇಳಲಾರರು ಎಂದ ಮಾತ್ರಕ್ಕೆ ಅವರ ತಿಳಿವಳಿಕೆ ಕಡಿಮೆಯದು ಎಂದು ಎಣಿಸಿದ ನಮ್ಮ ಶಾಲೆ ಕಚೇರಿಗಳ ಲೆಕ್ಕಾಚಾರ ನನ್ನನ್ನು ಬಹಳ ಕಾಲದಿಂದ ಕಾಡಿದೆ.

ಇಳಕಲ್ ಸೀರೆಯಲ್ಲಿ ಈ ತಿಳಿವಳಿಕೆ ಅತ್ಯಂತ ದಟ್ಟವಾಗಿ ಕೂಡಿರುವುದು ಕೊಂಡಿಯಲ್ಲಿ. ಬೇರೆ ಬಹಳಷ್ಟು ಸೀರೆಗಳಲ್ಲಿ ಮೈಗೂ ಸೆರಗಿಗೂ ಒಂದೇ ಹಾಸು. ಇಲ್ಲಿ ಹಾಗಲ್ಲ. ಮೈಯ ಹಾಸು ಒಂದು, ಸೆರಗಿನ ಕೆಂಪು ರೇಷ್ಮೆಯ ಹಾಸು ಇನ್ನೊಂದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ಸೀರೆಯ ಅಗಲದ ಉದ್ದಕ್ಕೂ ಸಾವಿರಾರು ಎಳೆ. ಪ್ರತಿ ಸೀರೆಗೂ ಇದೇ ಕೆಲಸ ಮತ್ತೆ. ಹತ್ತಾರು ಸೀರೆಯ ಹಾಸನ್ನು ಒಟ್ಟಿಗೇ ಸುತ್ತಿಟ್ಟು ನೇಯ್ದುಕೊಂಡು ಹೋಗಲು ತೋಪುತೆನೆ ಎಂಬ ಈ ಸೆರಗಿನ ಸೀರೆಗೆ ಆಗದಿರುವುದು ಈ ಕೊಂಡಿಯಿಂದಾಗಿ. ಕೊಂಡಿ ಹಾಕುವ ಕೆಲಸದ ಬಹುಪಾಲು ಮನೆಯ ಹೆಂಗಸರದು.

ಕೊಂಡಿ ಹಾಕುವ ಕೈಯನ್ನು ಹತ್ತಿರದಿಂದ ನೋಡಬೇಕು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಗೊಂಚಲಿನಿಂದ ಒಂದೇ ಎಳೆಯನ್ನು ಬೇರ್ಪಡಿಸುತ್ತವೆ. ಕೂದಲಿನಷ್ಟು ತೆಳುವಾದ ಎಳೆ, ಅದೂ ಸಾಲುಬಿದ್ದು ಒಂದಕ್ಕೊಂದು ಅಂಟಿದ್ದು. ಎರಡು ಬಂದರೆ ಬೆರಳು ಅದನ್ನು ಉಜ್ಜುತ್ತಲೇ ತಿಳಿಯುತ್ತದೆ, ಒಂದನ್ನು ಜಾರಿಸಿ ಬಿಡುತ್ತದೆ. ಬಲಗೈ ಕೆಂಪು ಎಳೆಯನ್ನು ತಂದು ಅದರೊಳಗೆ ತೂರಿಸಿ ಹೊರಳಿಸುತ್ತದೆ, ಎಳೆಯುತ್ತದೆ. ಎಳೆತ ಹೆಚ್ಚಾದರೆ ಹರಿಯುತ್ತದೆ. ಕಡಿಮೆಯಾದರೆ ಹಾಸು ಹೂಡಿದ ಮೇಲೆ ಆ ಎಳೆ ಜೋಲುಬಿದ್ದು ಸೆರಗಿನ ಅಂಚಿನಲ್ಲಿ ಗೀರಾಗಿ ಕಾಣುತ್ತದೆ. ಹಿಂದಿನ ಕುಣಿಕೆಯ ಬಿಗಿ ಬೆರಳಲ್ಲಿ ಇನ್ನೂ ಉಳಿದಿರುವಾಗಲೇ ಮುಂದಿನದಕ್ಕೆ ಅದೇ ಬಿಗಿಯನ್ನು ಕೊಡಬೇಕು. ಈ ಬಿಗಿಗೆ ಅಳತೆಗೋಲಿಲ್ಲ. ಇದ್ದರೂ ಅದನ್ನು ನೋಡಲು ಪುರುಸೊತ್ತಿಲ್ಲ.

ಬೆರಳ ತುದಿ ಇದನ್ನು ಹೇಗೆ ಸಾಧಿಸುತ್ತದೆ ಎಂಬುದಕ್ಕೆ ಸ್ವೀಡನ್ನಿನ ರೊಲಾಂಡ್ ಯೊಹಾನ್ಸನ್ ಮತ್ತು ಯೊರಾನ್ ವೆಸ್ಟ್ಲಿಂಗ್ 1984ರಲ್ಲಿ ನಡೆಸಿದ ಪ್ರಯೋಗಗಳಲ್ಲಿ ಉತ್ತರದ ದಾರಿ ಸಿಕ್ಕಿತು. ವಸ್ತುವೊಂದನ್ನು ಎತ್ತುವಾಗ ನಾವು ಹಿಡಿಯುವ ಬಲ, ಅದು ಜಾರದಿರಲು ಬೇಕಾದುದಕ್ಕಿಂತ ತುಸುವೇ ಹೆಚ್ಚು. ಮೇಲ್ಮೈ ನಯವಾದರೆ ಹಿಡಿತ ಬಿಗಿಯಾಗುತ್ತದೆ, ಒರಟಾದರೆ ಸಡಿಲ. ಜಾರಿಕೆಯ ಸಣ್ಣ ಸುಳಿವು ಸಿಕ್ಕೊಡನೆ, ನಮಗೆ ಅದರ ಅರಿವಾಗುವ ಮೊದಲೇ, ಹಿಡಿತ ತಿದ್ದಿಕೊಂಡಿರುತ್ತದೆ. ಬೆರಳಿಗೆ ಅರಿವಳಿಕೆ ಚುಚ್ಚಿ ಸ್ಪರ್ಶವನ್ನು ಅಳಿಸಿದಾಗ ಈ ಹದ ಕೈತಪ್ಪಿತು. ಸ್ನಾಯುವಿನ ಬಲಕ್ಕೆ ಏನೂ ಆಗಿರಲಿಲ್ಲ. ಸುಮ್ಮನೆ ಬಲವಿದ್ದರೆ ಸಾಲದು, ಚರ್ಮ ಕ್ಷಣಕ್ಷಣಕ್ಕೂ ಸುದ್ದಿ ಕೊಡುತ್ತಿರಬೇಕು.

ಆ ಸುದ್ದಿ ಪೂರ್ತಿ ನಿಂತುಹೋದರೆ ಏನಾಗುತ್ತದೆ ಎಂಬುದನ್ನು ಒಬ್ಬ ಮನುಷ್ಯನ ಬದುಕು ಹೇಳುತ್ತದೆ. 1971ರಲ್ಲಿ ಬ್ರಿಟನ್ನಿನ ಇಯಾನ್ ವಾಟರ್‌ಮನ್‌ಗೆ 19ರ ವಯಸ್ಸು. ಸೋಂಕಿನ ಬೆನ್ನಿಗೆ ಬಂದ ನರರೋಗದಿಂದ ಅವರ ಕುತ್ತಿಗೆಯಿಂದ ಕೆಳಗಿನ ಸ್ಪರ್ಶವೂ ಹೋಯಿತು, ಮೈ ಎಲ್ಲಿದೆ ಎಂಬ ಒಳಅರಿವೂ ಹೋಯಿತು. ಸ್ನಾಯುವಿನಲ್ಲಿ ಶಕ್ತಿಯಿತ್ತು, ಆದರೆ ಹಾಸಿಗೆಯಿಂದ ಏಳಲಾಗಲಿಲ್ಲ. ವರ್ಷಗಟ್ಟಲೆ ಹೆಣಗಿ, ಪ್ರತಿ ಚಲನೆಯನ್ನೂ ಕಣ್ಣಿಂದ ನೋಡಿ, ಮನಸ್ಸಿನಲ್ಲಿ ಯೋಚಿಸಿ, ಅವರು ಮತ್ತೆ ನಡೆಯಲು ಕಲಿತರು. ದೀಪ ಆರಿದರೆ ಕುಸಿದು ಬೀಳುತ್ತಿದ್ದರು. ಅವರ ವೈದ್ಯ ಜೊನಾಥನ್ ಕೋಲ್ 1991ರಲ್ಲಿ ಈ ಬದುಕಿನ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು. ಕುಣಿಯ ಕತ್ತಲಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ ನೇಕಾರನ ಕಾಲು ತಪ್ಪದೆ ಸರಿಯಾದ ಹಲಗೆಗೆ ಬೀಳುತ್ತದಲ್ಲ, ಅದು ಎಂಥ ದೊಡ್ಡ ಸೊತ್ತು ಎಂದು ವಾಟರ್‌ಮನ್‌ರ ಕಥೆ ಓದಿದ ಮೇಲೆ ನನಗೆ ಮನವರಿಕೆಯಾಯಿತು.

ಹುನಗುಂದದ ಕಡೆಯ ಎರೆಹೊಲದ ಜೋಳ ಅಡುಗೆಮನೆಗೆ ಬಂದಾಗಲೂ ಇದೇ ವಿದ್ಯೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಲ್ಲಿ ನಾದಿ, ಹಿಟ್ಟು ಹರಡಿ, ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು. ಅಂಚಿನಲ್ಲಿ ಬಿರುಕು ಕಾಣುವ ಮೊದಲೇ ಅದು ಬರುತ್ತದೆಂದು ಅಂಗೈಗೆ ಗೊತ್ತಾಗಿ ಏಟು ಹಗುರಾಗುತ್ತದೆ. ಆ ಹೊತ್ತಿಗೆ ಕಣ್ಣು ರೊಟ್ಟಿಯ ಮೇಲಿರುವುದಿಲ್ಲ, ಹಂಚಿನ ಮೇಲೆ ಹೋಗಿರುತ್ತದೆ. 1999ರಲ್ಲಿ ಇಂಗ್ಲೆಂಡಿನ ಮೈಕೆಲ್ ಲ್ಯಾಂಡ್ ಮತ್ತು ಸಂಗಡಿಗರು ಚಹಾ ಮಾಡುವವರ ಕಣ್ಣಿನ ಓಡಾಟವನ್ನು ದಾಖಲಿಸಿದಾಗ, ಕೈಗಿಂತ ಕಣ್ಣು ಸುಮಾರು ಅರ್ಧ ಸೆಕೆಂಡು ಮುಂದಿತ್ತು. ಕೈ ಒಂದು ಕೆಲಸ ಮುಗಿಸುವ ಮೊದಲೇ ಕಣ್ಣು ಮುಂದಿನದಕ್ಕೆ ಹೊರಟಿರುತ್ತಿತ್ತು.

ಇನ್ನು ಚಾಲುಕ್ಯರ ಬಾದಾಮಿ. ಮೊದಲನೆಯ ಗುಹೆಯ ಹೊರಗೆ ಬಲಗಡೆಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ ನಿಂತಿದ್ದಾನೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಇದೂ ಹೆಚ್ಚು ಕಡಿಮೆ ಅದೇ ಕಾಲದ ಕೆಲಸ. ಒಂದು ಬದಿಯ ಒಂಬತ್ತು ಕೈಗಳಲ್ಲಿ ಒಂದನ್ನು, ಇನ್ನೊಂದು ಬದಿಯ ಒಂಬತ್ತರಲ್ಲಿ ಒಂದನ್ನು ಆರಿಸಿ ಜೋಡಿಸಿದರೆ 81 ಭಂಗಿಗಳು ಎಂದು ಮಾರ್ಗದರ್ಶಿಗಳು ಪ್ರವಾಸಿಗರಿಗೆ ತೋರಿಸುತ್ತಾರೆ. ಆ ಎಣಿಕೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ ಸಂಗತಿ. ಮೈ ಒಂದೇ, ಕೈ ಮಾತ್ರ ಹಲವು. ಕಲ್ಲು ಕದಲದು, ಆದರೆ ನೋಡುವ ಕಣ್ಣಿಗೆ ಕೈಯೊಂದು ಬೀಸಿ ಹೋದಂತೆ ಕಾಣುತ್ತದೆ. ಮಡಿಸಿದ ಕಾಲಿನಲ್ಲಿ, ಸೊಂಟದ ಓರೆಯಲ್ಲಿ, ಈಗ ಇಲ್ಲಿದ್ದದ್ದು ಮುಂದಿನ ಕ್ಷಣ ಅಲ್ಲಿರುತ್ತದೆ ಎಂಬ ಸೂಚನೆಯಿದೆ.

ಕಣ್ಣು ಆ ಸೂಚನೆಯನ್ನು ಹಿಡಿಯುವುದು ಸುಳ್ಳಲ್ಲ. 2000ದಲ್ಲಿ ಜೊಯಿ ಕುರ್ಟ್ಜಿ ಮತ್ತು ನ್ಯಾನ್ಸಿ ಕನ್ವಿಶರ್ ಸ್ಥಿರ ಫೋಟೊಗಳನ್ನು ತೋರಿಸಿ ಮಿದುಳನ್ನು ಗಮನಿಸಿದರು. ಓಡುವ, ಎಸೆಯುವ ಆಟಗಾರರ ಫೋಟೊ ನೋಡುವಾಗ, ಚಲನೆಯನ್ನೇ ಗುರುತಿಸಲು ಮೀಸಲಾದ ಮಿದುಳಿನ ಭಾಗ, ಸುಮ್ಮನೆ ನಿಂತವರ ಫೋಟೊ ನೋಡುವಾಗಿನದಕ್ಕಿಂತ ಹೆಚ್ಚು ಚುರುಕಾಗಿತ್ತು. ಇದಕ್ಕೂ ಮೊದಲು, 1983ರಲ್ಲಿ, ಜೆನಿಫರ್ ಫ್ರೇಡ್ ಎಂಬ ಮನೋವಿಜ್ಞಾನಿ ಕಂಡುಕೊಂಡದ್ದು ಇನ್ನೂ ಸೊಗಸು. ನಡುಚಲನೆಯಲ್ಲಿ ಹಿಡಿದ ಚಿತ್ರವನ್ನು ನೆನಪಿಸಿಕೊಳ್ಳುವಾಗ ನಾವು ಅದನ್ನು ಒಂದಿಷ್ಟು ಮುಂದಕ್ಕೆ ನಡೆಸಿಬಿಟ್ಟಿರುತ್ತೇವೆ. ಬಾದಾಮಿಯ ಶಿಲ್ಪಿಗೆ ಈ ಪ್ರಯೋಗಾಲಯ ಬೇಕಿರಲಿಲ್ಲ. ಕುಣಿಯುವ ಮೈಯ ಯಾವ ಕ್ಷಣವನ್ನು ಹಿಡಿದರೆ ನೋಡುವವನ ಮನಸ್ಸು ಉಳಿದದ್ದನ್ನು ತಾನೇ ಕುಣಿಸುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಪಕ್ಕದಲ್ಲೇ ವಾದ್ಯ ಬಾರಿಸುವವನನ್ನೂ ಕೆತ್ತಿದ್ದಾನೆ, ತಾಳವಿಲ್ಲದೆ ಕುಣಿತವಿಲ್ಲ ಎಂಬ ಅರಿವಿನಿಂದ.

ಎಷ್ಟು ಕಡಿಮೆ ಸುಳಿವಿನಿಂದ ಚಲನೆ ಕಾಣುತ್ತದೆ ಎಂಬುದಕ್ಕೆ ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಕತ್ತಲಲ್ಲಿ ನಡೆಯುವ ಮನುಷ್ಯನ ಕೀಲುಗಳಲ್ಲಿ ಮಾತ್ರ ಹತ್ತು ಹನ್ನೆರಡು ಬೆಳಕಿನ ಚುಕ್ಕೆ. ನಿಂತಾಗ ಅದು ಚುಕ್ಕೆಗಳ ಗುಂಪು. ಹೆಜ್ಜೆ ಎತ್ತಿದೊಡನೆ ಮನುಷ್ಯ. ಅದನ್ನು ಗುರುತಿಸಲು ಜನರಿಗೆ ಸೆಕೆಂಡಿನ ಐದನೇ ಒಂದು ಭಾಗ ಸಾಕಾಯಿತು. ಬರ್ನ್‌ಸ್ಟೈನ್ ಚಲಿಸುವವರನ್ನು ತಿಳಿಯಲು ಬಲ್ಬು ಕಟ್ಟಿದ್ದ, ಯೊಹಾನ್ಸನ್ ನೋಡುವವರನ್ನು ತಿಳಿಯಲು ಕಟ್ಟಿದ. ಇವೆರಡೂ ಒಂದೇ ಗಂಟಿನ ಎರಡು ತುದಿ ಎಂಬುದು ಆಮೇಲೆ ಸ್ಪಷ್ಟವಾಯಿತು. 2005ರಲ್ಲಿ ಲಂಡನ್ನಿನಲ್ಲಿ ಬಿಯಾಟ್ರಿಸ್ ಕಾಲ್ವೊ ಮೆರಿನೊ ಮತ್ತು ಸಂಗಡಿಗರು ಬ್ಯಾಲೆ ನರ್ತಕರಿಗೂ ಬ್ರೆಜಿಲಿನ ಕಪೊಯೆರಾ ಆಟಗಾರರಿಗೂ ಎರಡೂ ನೃತ್ಯಗಳ ವಿಡಿಯೊ ತೋರಿಸಿದರು. ತಾವು ಕಲಿತ ಚಲನೆ ಕಂಡಾಗ ಅವರವರ ಮಿದುಳಿನ ಚಲನೆಯ ಜಾಲ ಹೆಚ್ಚು ಎಚ್ಚರಗೊಂಡಿತು. ಮಾಡಿದವನು ನೋಡುವ ರೀತಿಯೇ ಬೇರೆ. ಅನುಭವಿ ನೇಕಾರ ಇನ್ನೊಬ್ಬನ ಮಗ್ಗದ ಪಕ್ಕ ನಿಂತು ಒಂದೇ ನೋಟಕ್ಕೆ ತಪ್ಪು ಹಿಡಿಯುವುದು ಇಂಥ ಕಣ್ಣಿನಿಂದ.

ಗುಹೆಗಳಿಂದ ಅಗಸ್ತ್ಯ ತೀರ್ಥದ ಆಚೆ ದಡಕ್ಕೆ ಬಂದು ಉತ್ತರದ ಕೋಟೆಗೆ ಹತ್ತುವವರು ಬಂಡೆಗಳ ಇಕ್ಕಟ್ಟಿನ ನಡುವೆ ಕಡಿದಾದ ಮೆಟ್ಟಿಲುಗಳನ್ನು ಏರಬೇಕು. ಯಾವ ಮೆಟ್ಟಿಲಿಗೆ ಕಾಲು ಎತ್ತಿದರೆ ಸಾಕು, ಯಾವುದಕ್ಕೆ ಕೈ ಊರಬೇಕು ಎಂದು ಯಾರೂ ಅಳೆದು ನೋಡುವುದಿಲ್ಲ. 1984ರಲ್ಲಿ ವಿಲಿಯಂ ವಾರೆನ್ ಇದನ್ನು ಅಳೆದ. ಎತ್ತರದವರೂ ಕುಳ್ಳರೂ, ಕೈ ಊರದೆ ಹತ್ತಬಹುದಾದ ಕೊನೆಯ ಮೆಟ್ಟಿಲು ಎಂದು ಗುರುತಿಸಿದ್ದು ತಂತಮ್ಮ ಕಾಲಿನ ಉದ್ದದ 0.88 ಭಾಗದಷ್ಟು ಎತ್ತರದ್ದನ್ನು. ಬರಿ ನೋಟದಿಂದ. ಅಮೆರಿಕದ ಜೇಮ್ಸ್ ಗಿಬ್ಸನ್ (1904–1979) ಜೀವನವಿಡೀ ವಾದಿಸಿದ್ದು ಇದನ್ನೇ: ನಾವು ಕಾಣುವುದು ಇಂಚುಗಳನ್ನಲ್ಲ, ನಮ್ಮ ಮೈಯಿಂದ ಆಗುವಂಥದ್ದನ್ನು. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಇಂದು ದೇಶವಿದೇಶದ ಬಂಡೆ ಹತ್ತುವವರನ್ನು ಸೆಳೆಯುತ್ತವೆ. ಅವರು ಹತ್ತುವ ಮೊದಲು ಕೆಳಗೆ ನಿಂತು ಗೋಡೆಯನ್ನು ನೋಡುತ್ತ ಗಾಳಿಯಲ್ಲಿ ಕೈಯಾಡಿಸುತ್ತಾರೆ. ನೆದರ್ಲೆಂಡ್ಸಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದರ ಗುಟ್ಟನ್ನು ಹೇಳುತ್ತದೆ. ಹತ್ತುಗೋಡೆಯನ್ನು ನೆನಪಿಟ್ಟುಕೊಳ್ಳಲು ಹೇಳಿದಾಗ ಹೊಸಬರು ಹಿಡಿಗಳ ಆಕಾರವನ್ನು ನೆನಪಿಟ್ಟರು. ನುರಿತವರು ಯಾವ ಹಿಡಿಯನ್ನು ಹೇಗೆ ಹಿಡಿಯಬೇಕು, ಅಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ನೆನಪಿಟ್ಟರು. ನಾನು ಕಾಣುವ ಬಂಡೆ ಬೇರೆ, ಅವರು ಕಾಣುವ ಬಂಡೆ ಬೇರೆ.

ಬಾಗಲಕೋಟೆಯ ಹೋಳಿಯನ್ನು ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. ಹಲಗಿ ಬಡಿಯುವ ತಂಡ ಓಣಿಗೆ ಬಂದರೆ ನಿಂತವರ ಕಾಲು ನಿಲ್ಲುವುದಿಲ್ಲ. ತಾಳಕ್ಕೆ ಬೆರಳು ತಟ್ಟಲು ಹೇಳಿದರೆ ಜನ ಸದ್ದು ಬಂದ ಮೇಲೆ ತಟ್ಟುವುದಿಲ್ಲ, ಸೆಕೆಂಡಿನ ನೂರರಲ್ಲಿ ಕೆಲವು ಭಾಗ ಮೊದಲೇ ತಟ್ಟುತ್ತಾರೆ ಎಂಬುದು ಪ್ರಯೋಗಾಲಯಗಳಲ್ಲಿ ನೂರು ವರ್ಷದಿಂದ ಮತ್ತೆ ಮತ್ತೆ ಕಂಡಿರುವ ಸಂಗತಿ. ಮೈ ಸದ್ದಿಗೆ ಕಾಯುವುದಿಲ್ಲ, ಅದನ್ನು ಎದುರುಗೊಳ್ಳುತ್ತದೆ. ಸಂಗೀತ ಕಲಿತವರಲ್ಲಿ ಈ ಆತುರ ಕಡಿಮೆ. ಇಬ್ಬರು ಹಲಗಿಯವರು ಎದುರುಬದರು ನಿಂತು ಗತ್ತು ಬದಲಿಸುವಾಗ ಒಬ್ಬನ ಕಣ್ಣು ಇನ್ನೊಬ್ಬನ ಮಣಿಕಟ್ಟಿನ ಮೇಲಿರುವುದನ್ನು ಗಮನಿಸಿ. ಬರಲಿರುವ ಏಟು ಚರ್ಮಕ್ಕೆ ಬೀಳುವ ಮೊದಲು ಮಣಿಕಟ್ಟಿನಲ್ಲಿ ಕಾಣಿಸುತ್ತದೆ.

ಇದೇ ಜಿಲ್ಲೆಯ ರಬಕವಿ ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗಗಳ ಗಡಗಡ ಹಗಲಿರುಳು ನಡೆಯುತ್ತದೆ. ಅದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ಯಂತ್ರ ಮಾಡುವುದು ಬರ್ನ್‌ಸ್ಟೈನ್ ಹುಡುಕಿಯೂ ಕಾಣದ ಅದನ್ನೇ: ಒಂದೇ ಚಲನೆಯ ನಿಜವಾದ ಮರುಕಳಿಕೆ. ಅದಕ್ಕೆ ಒಂದೇ ಬಗೆಯ ಗಟ್ಟಿ ನೂಲು ಬೇಕು, ಏಕೆಂದರೆ ಅದು ನೂಲನ್ನು ಓದಲಾರದು. ಕುಣಿಮಗ್ಗದ ಕೈ ಮಳೆಗಾಲದ ತೇವಕ್ಕೊಂದು ಏಟು, ಬೇಸಿಗೆಯ ಒಣಹವೆಗೆ ಇನ್ನೊಂದು ಏಟು ಕೊಡಬಲ್ಲದು. ಕೂಲಿಯ ಲೆಕ್ಕದಲ್ಲಿ ಮಾತ್ರ ಎರಡನ್ನೂ ಗಜದಿಂದಲೇ ಅಳೆಯಲಾಗುತ್ತದೆ. ಕೊಂಡಿಯ ಗಂಟೆಗಳು ಎಷ್ಟೋ ಕಡೆ ಮನೆಗೆಲಸದ ಲೆಕ್ಕಕ್ಕೆ ಸೇರಿ ಕಾಣೆಯಾಗುತ್ತವೆ. ಮೈ ತೆರುವ ಬೆಲೆಯೂ ಸಣ್ಣದಲ್ಲ. ದಿನವಿಡೀ ಕುಣಿಯ ದಂಡೆಯಲ್ಲಿ ಬಾಗಿ ಕೂತ ಬೆನ್ನು, ಮಂದ ಬೆಳಕಿನಲ್ಲಿ ಎಳೆ ಹುಡುಕಿದ ಕಣ್ಣು, ಮಕ್ಕಳು ಈ ಕೆಲಸಕ್ಕೆ ಬರುವುದು ಬೇಡ ಎನ್ನುವ ತಾಯಿತಂದೆ. ಅವರ ಮಾತಿಗೆ ಎದುರಾಡಲು ನನಗೆ ಬಾಯಿಲ್ಲ.

ಹಾಗೆಂದು ಈ ತಿಳಿವಳಿಕೆಯನ್ನು ದಾಖಲಿಸದೆ ಬಿಡುವುದಕ್ಕೆ ಯಾವ ನೆಪವೂ ಇಲ್ಲ. ಇಳಕಲ್ ಸೀರೆಯ ಬಣ್ಣ, ದಡಿ, ಸೆರಗಿನ ವಿನ್ಯಾಸಗಳ ಬಗ್ಗೆ ಬರಹಗಳಿವೆ, ಗೋಮಿ, ಪರಾಸಪೇಟ, ಗಾಡಿ ದಡಿಗಳ ಚಿತ್ರಗಳಿವೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದನ್ನು ನೇಯುವ ಮೈಯ ಬಗ್ಗೆ ಏನಿದೆ? ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ. ಬರ್ನ್‌ಸ್ಟೈನ್ ಬಲ್ಬು ಮತ್ತು ಫೋಟೊ ಫಲಕದಿಂದ ಮಾಡಿದ್ದನ್ನು ಇಂದು ಒಂದು ಒಳ್ಳೆಯ ಮೊಬೈಲ್ ಕ್ಯಾಮೆರಾ ಮತ್ತು ಫಣಿಗೆ ಕಟ್ಟಿದ ಸಣ್ಣ ಸಂವೇದಕದಿಂದ ಮಾಡಬಹುದು. ಹಿರಿಯ ನೇಕಾರರ ಏಟಿನ ಬಲ, ಕಾಲಿನ ತಾಳ, ಕೊಂಡಿ ಹಾಕುವವರ ಬೆರಳಿನ ಎಳೆತವನ್ನು ಅಳೆದಿಟ್ಟರೆ ಹೊಸ ಕಲಿಯುವವರಿಗೂ ಅದು ದಾರಿಯಾದೀತು, ಬೆನ್ನು ನೋಯದ ಕೂರುಮಣೆಯನ್ನು ರೂಪಿಸುವವರಿಗೂ ಆದೀತು. ಅಂಥ ಕೆಲಸಕ್ಕೆ ನೇಕಾರರನ್ನು ಕರೆದರೆ ಮಾದರಿಯಾಗಿ ಕೂರಿಸಬಾರದು, ಬೋಧಕರಾಗಿ ಕೂರಿಸಬೇಕು, ಮಗ್ಗ ನಿಂತ ದಿನಗಳ ಕೂಲಿಯ ಮೇಲೆ ಬೋಧಕರ ಸಂಭಾವನೆಯನ್ನೂ ಕೊಡಬೇಕು. ಪಟ್ಟಿಯಲ್ಲಿ ಮೊದಲ ಹೆಸರುಗಳು ಕೊಂಡಿ ಹಾಕುವ ಹೆಂಗಸರದಾಗಿರಲಿ, ಏಕೆಂದರೆ ಆ ಕೈಗಳ ಸಂಖ್ಯೆ ಎಲ್ಲಕ್ಕಿಂತ ಬೇಗ ಕಡಿಮೆಯಾಗಬಹುದು ಎಂಬ ಭಯ ನನಗಿದೆ.